ಮನೆಯಂಗಳಕ್ಕೆ ಪೈನ್: ಅರಾಕೇರಿಯ, ಚೀರ್, ತೂಜಾ, ಜುನಿಪರ್‌ಗಳಲ್ಲಿ ಯಾವುದು, ಎಲ್ಲಿಗೆ?

ಕರ್ನಾಟಕದ ನರ್ಸರಿಯಲ್ಲಿ ‘ಪೈನ್ ಗಿಡ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಅರಾಕೇರಿಯ. ಕೆಲವೆಡೆ ತೂಜಾ ಕೊಡುತ್ತಾರೆ. ಡಿಸೆಂಬರ್ ಆಗಿದ್ದರೆ ಹೊಂಬಣ್ಣದ ಗೋಲ್ಡನ್ ಸೈಪ್ರಸ್ ಮುಂದಿಡುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಈ ಮೂರೂ ಪೈನ್ ಅಲ್ಲ. ಹೆಸರಿನ ತಕರಾರು ಹಾಗಿರಲಿ, ತೊಂದರೆ ಬೇರೆಯೇ ಇದೆ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಈ ಗಿಡಗಳಲ್ಲಿ ಒಂದು 60 ಅಡಿ ಏರುತ್ತದೆ, ಇನ್ನೊಂದು 12–15 ಅಡಿಗೆ ನಿಲ್ಲುತ್ತದೆ, ಮತ್ತೊಂದು ಬಯಲುಸೀಮೆಯ ಏಪ್ರಿಲ್ ದಾಟುವುದೇ ಅಪರೂಪ. ನರ್ಸರಿಯಲ್ಲಿ ಮೂರೂ ಎರಡಡಿ ಎತ್ತರಕ್ಕೆ, ಒಂದೇ ಸಾಲಿನಲ್ಲಿ, ಒಂದೇ ಬಗೆಯ ಕಪ್ಪು ಕವರಿನಲ್ಲಿ ನಿಂತಿರುತ್ತವೆ.

ಇವೆಲ್ಲ ಕೋನಿಫರ್‌ಗಳು, ಅಂದರೆ ಹೂ ಬಿಡದ, ಸಾಮಾನ್ಯವಾಗಿ ಶಂಕುಕಾಯಿ ಬಿಡುವ ಗುಂಪಿನವು. ಈ ಗುಂಪಿನ ಹೆಚ್ಚಿನ ಮರಗಳಿಗೆ ಇನ್ನೊಂದು ಗುಣ ಇದೆ, ಇದನ್ನು ಗಿಡ ಕೊಳ್ಳುವ ಮೊದಲೇ ತಿಳಿದಿರಬೇಕು. ದಾಸವಾಳವನ್ನೋ ಕಣಗಿಲೆಯನ್ನೋ ಮೊಣಕಾಲೆತ್ತರಕ್ಕೆ ಕಡಿದರೂ ಮಳೆ ಬಿದ್ದ ಮೇಲೆ ಚಿಗುರುತ್ತದೆ. ತೂಜಾ, ಜುನಿಪರ್, ಸೈಪ್ರಸ್‌ಗಳು ಹಸಿರಿಲ್ಲದ ಹಳೆಯ ಕಡ್ಡಿಯಿಂದ ಚಿಗುರುವುದಿಲ್ಲ. ಎಳೆ ಅರಾಕೇರಿಯದ ಕೆಳಗಿನ ಕೊಂಬೆ ಒಮ್ಮೆ ಉದುರಿದರೆ ಆ ಜಾಗ ಬಹುತೇಕ ಬೋಳಾಗಿಯೇ ಉಳಿಯುತ್ತದೆ. ತಪ್ಪು ಜಾಗದಲ್ಲಿ ನೆಟ್ಟು ಆಮೇಲೆ ಕತ್ತರಿಯಿಂದ ಸರಿಪಡಿಸೋಣ ಎನ್ನುವ ದಾರಿ ಇಲ್ಲಿ ಬಹುತೇಕ ಮುಚ್ಚಿದೆ. ಆದ್ದರಿಂದ ಗಿಡದ ಚೆಂದಕ್ಕಿಂತ ಮೊದಲು ನೋಡಬೇಕಾದ್ದು ಮೂರು: ಅದು ಕೊನೆಗೆ ಎಷ್ಟು ದೊಡ್ಡದಾಗುತ್ತದೆ, ನಿಮ್ಮ ಮಣ್ಣಿನಲ್ಲಿ ನೀರು ಎಷ್ಟು ಬೇಗ ಬಸಿಯುತ್ತದೆ, ಬೇಸಿಗೆಯಲ್ಲಿ ಆ ಜಾಗ ಎಷ್ಟು ಕಾಯುತ್ತದೆ.

ಅರಾಕೇರಿಯ: ಎಲ್ಲರಿಗೂ ಬೇಕಾದದ್ದು, ಕೆಲವರಿಗಷ್ಟೇ ಜಾಗವಿರುವುದು

‘ಕ್ರಿಸ್ಮಸ್ ಟ್ರೀ’ ಎಂದು ನಮ್ಮಲ್ಲಿ ಕರೆಯುವುದು ಇದನ್ನೇ. ನಡುಗಾಂಡದ ಸುತ್ತ ಅಂತಸ್ತು ಅಂತಸ್ತಾಗಿ ಕೊಂಬೆಗಳು ಹರಡಿರುತ್ತವೆ. ಇದರಲ್ಲಿ ಎರಡು ಜಾತಿ ನಮಗೆ ಸಿಗುತ್ತವೆ. ಅರಾಕೇರಿಯ ಹೆಟೆರೊಫಿಲ್ಲಾ ನ್ಯೂಜಿಲೆಂಡ್ ಮತ್ತು ನ್ಯೂ ಕ್ಯಾಲೆಡೋನಿಯಗಳ ನಡುವಿನ ನಾರ್ಫೋಕ್ ದ್ವೀಪದ ಮರ. ಅರಾಕೇರಿಯ ಕಾಲಮ್ನಾರಿಸ್ ನ್ಯೂ ಕ್ಯಾಲೆಡೋನಿಯದ್ದು, ಹಳೆಯ ತೋಟಗಾರರ ಬಾಯಲ್ಲಿ ಇದು ‘ಅರಾಕೇರಿಯ ಕುಕಿ’. ಲೇಬಲ್ಲಿನಲ್ಲಿ ನಾರ್ಫೋಕ್ ಎಂದು ಬರೆದಿದ್ದರೂ ಒಳಗಿರುವುದು ಕುಕಿ ಆಗಿರುವುದು ಜಗತ್ತಿನ ಹಲವೆಡೆ ಮಾಮೂಲು, ನಮ್ಮಲ್ಲೂ ಅಷ್ಟೇ.

ಎಳೆ ಗಿಡದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಬೆಳೆದ ಮೇಲೆ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ನಾರ್ಫೋಕ್‌ನದ್ದು ಅಗಲ ಬುಡದ ಗೋಪುರದ ಆಕಾರ, ಅಂತಸ್ತುಗಳ ನಡುವೆ ಆಕಾಶ ಕಾಣುವಷ್ಟು ಬಿಡುವು. ಕುಕಿಯದ್ದು ಕಿರಿದಾದ ಕಂಬ: ಉದ್ದ ಕೊಂಬೆಗಳು ಉದುರಿ, ಕಾಂಡದಿಂದಲೇ ಗಿಡ್ಡ ಕೊಂಬೆಗಳು ಮತ್ತೆ ಹೊರಟಿರುತ್ತವೆ, ತೊಗಟೆ ಕಾಗದದ ಪಟ್ಟಿಗಳಂತೆ ಸುಲಿಯುತ್ತದೆ. ಮನೆ ಕಟ್ಟಿದವರಿಗೆ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ. ಕುಕಿ ಮರ ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಐದು ಖಂಡಗಳ 256 ಮರಗಳನ್ನು ಅಳೆದಾಗ ಸರಾಸರಿ ವಾಲು 8.55 ಡಿಗ್ರಿ ಬಂದಿತ್ತು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ವಾಲು ಹೆಚ್ಚು. ಕರ್ನಾಟಕದಲ್ಲಿ ಈ ಮರ ವಾಲುವುದು ದಕ್ಷಿಣಕ್ಕೆ. ಗೂಟ ಕಟ್ಟಿ ಎಳೆದರೆ ಸರಿಹೋಗುವ ಸೊಟ್ಟು ಇದಲ್ಲ, ಹಾಗಾಗಿ ದಕ್ಷಿಣ ದಿಕ್ಕಿಗೆ ವಿದ್ಯುತ್ ತಂತಿಯೋ ಪಕ್ಕದವರ ಚಾವಣಿಯೋ ಇದ್ದರೆ ಕುಕಿ ಬೇಡ.

ಜಾಗದ ಲೆಕ್ಕ ಹೇಗೆ? ನೆಲದಲ್ಲಿ ನೆಟ್ಟು ಬೇರು ಹಿಡಿದ ಮೇಲೆ ವರ್ಷಕ್ಕೆ ಒಂದೂವರೆ–ಎರಡು ಅಡಿ ಏರುತ್ತದೆ, ಒಳ್ಳೆಯ ಮಣ್ಣು ಸಿಕ್ಕರೆ ಇನ್ನೂ ಹೆಚ್ಚು. 60 ಅಡಿ ದಾಟುವ ಮರ ಇದು. ತನ್ನ ಮೂಲ ದ್ವೀಪದಲ್ಲಿ ನಾರ್ಫೋಕ್ ಮರ 50 ಮೀಟರ್ ಮೀರುತ್ತದೆ. ಕೊಂಬೆಯ ಹರವು 15–25 ಅಡಿ. ಗೋಡೆಯಿಂದ ಕನಿಷ್ಠ 15 ಅಡಿ, ತಂತಿಯಿಂದ 25 ಅಡಿ ದೂರ ಬಿಡಲಾಗದಿದ್ದರೆ ನೆಲದಲ್ಲಿ ನೆಡಬೇಡಿ. 30×40 ಸೈಟಿನ ಮನೆಯಲ್ಲಿ ಇದಕ್ಕೆ ಕುಂಡವೇ ಗತಿ. ನಗರದಲ್ಲಿ ನಿಮ್ಮದೇ ಕಾಂಪೌಂಡಿನ ಮರ ತೆಗೆಯಬೇಕೆಂದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಕೇಳಬೇಕಾಗುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು, ಅದನ್ನು ನಂಬಿ ನೆಡುವುದು ಮಾತ್ರ ಜಾಣತನವಲ್ಲ.

ಕುಂಡದಲ್ಲಿ ಇದು ಸಲೀಸು. 3 ಅಡಿ ಗಿಡಕ್ಕೆ 12 ಅಂಗುಲದ ಕುಂಡ, ಎರಡು–ಮೂರು ವರ್ಷಕ್ಕೊಮ್ಮೆ ಎರಡು ಅಂಗುಲ ದೊಡ್ಡ ಕುಂಡಕ್ಕೆ ಬದಲಾವಣೆ. 6–8 ಅಡಿಗೆ ತಡೆದು ಹಲವು ವರ್ಷ ಇಟ್ಟುಕೊಳ್ಳಬಹುದು. ಬೆಳಗಿನ ಬಿಸಿಲು ಬೀಳುವ ಬಾಲ್ಕನಿ ಅತ್ಯುತ್ತಮ. ಮನೆಯೊಳಗೆ ಇಡುವವರು ಕಿಟಕಿಗೆ ಅಂಟಿಸಿದಂತೆ ಇಡಬೇಕು, ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಬೇಕು. ಇಲ್ಲವಾದರೆ ಒಂದೇ ಕಡೆ ಬೆಳೆದು ಇನ್ನೊಂದು ಕಡೆ ಸೊರಗುತ್ತದೆ. ಹಾಲಿನ ಮೂಲೆಯಲ್ಲಿ ಅಲಂಕಾರಕ್ಕೆಂದು ನಿಲ್ಲಿಸಿದ ಗಿಡದ ಕೆಳ ಅಂತಸ್ತು ಕೆಲವೇ ತಿಂಗಳಲ್ಲಿ ಒಣಗಿ ಉದುರುತ್ತದೆ.

ಅರಾಕೇರಿಯದ ಬಗ್ಗೆ ಇನ್ನೆರಡು ಮಾತು, ಎರಡೂ ಕೊಳ್ಳುವಾಗ ಕೆಲಸಕ್ಕೆ ಬರುತ್ತವೆ. ಪಕ್ಕದ ಕೊಂಬೆಯಿಂದ ಮಾಡಿದ ಕಡ್ಡಿ ಬೇರು ಬಿಟ್ಟರೂ ನೆಟ್ಟಗೆ ಏಳುವುದಿಲ್ಲ. ತಾನು ಇನ್ನೂ ಪಕ್ಕದ ಕೊಂಬೆಯೇ ಎಂಬಂತೆ ಜೀವಮಾನವಿಡೀ ಅಡ್ಡಡ್ಡ ಹರಡುತ್ತದೆ. ನೆಟ್ಟಗಿನ ಗಿಡ ಬೇಕಾದರೆ ಬೀಜದ ಸಸಿ ಇಲ್ಲವೇ ತಲೆಕುಡಿಯ ಕಡ್ಡಿಯೇ ಆಗಬೇಕು. ಅಗ್ಗಕ್ಕೆ ಸಿಗುವ ಸೊಟ್ಟ ಗಿಡಕ್ಕೆ ಗೂಟ ಕಟ್ಟಿ ಕಾಯುವುದು ವ್ಯರ್ಥ. ಎರಡನೆಯದು, ಕುಂಡ ತುಂಬಿ ಪೊದೆಯಂತೆ ಕಾಣುವ ಗಿಡದ ಬುಡ ನೋಡಿ. ಬಹಳ ಸಲ ಅಲ್ಲಿ ಮೂರರಿಂದ ಐದು ಸಸಿ ಒಟ್ಟಿಗಿರುತ್ತವೆ. ಕುಂಡದಲ್ಲೇ ಇಡುವುದಾದರೆ ತೊಂದರೆಯಿಲ್ಲ. ನೆಲಕ್ಕೆ ಹೋಗುವುದಾದರೆ ಗಟ್ಟಿಮುಟ್ಟಾದ ಒಂದನ್ನು ಉಳಿಸಿ ಮಿಕ್ಕವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿಬಿಡಿ. ಬೇರು ಬಿಡಿಸಿ ಬೇರೆ ಬೇರೆ ನೆಡುವ ಆಸೆಗೆ ಹೋದರೆ ಎಲ್ಲವೂ ಹೋಗುವ ಸಂಭವ ಹೆಚ್ಚು.

ನಿಜವಾದ ಪೈನ್ ಬೇಕೆನ್ನುವವರಿಗೆ

ಪೈನಿನ ಗುರುತು ಸುಲಭ. ಬೆಳೆದ ಗಿಡದಲ್ಲಿ ಸೂಜಿಯೆಲೆಗಳು ಸಾಮಾನ್ಯವಾಗಿ ಒಂಟಿಯಾಗಿ ಹುಟ್ಟುವುದಿಲ್ಲ. ಬುಡದಲ್ಲಿ ಪುಟ್ಟ ಕವಚದೊಳಗೆ ಎರಡು, ಮೂರು ಅಥವಾ ಐದು ಸೂಜಿಗಳ ಕಟ್ಟು ಇರುತ್ತದೆ. ನಮ್ಮ ದೇಶದಲ್ಲಿ ಬಿಸಿಲು ಸಹಿಸುವ ಪೈನ್ ಎಂದರೆ ಚೀರ್, ಪೈನಸ್ ರಾಕ್ಸ್‌ಬರ್ಗೀ. ಹಿಮಾಲಯದ ತಪ್ಪಲಿನಲ್ಲಿ ಸುಮಾರು 500ರಿಂದ 2,000 ಮೀಟರ್ ಎತ್ತರದವರೆಗೆ ಬೆಳೆಯುತ್ತದೆ. ಮೂರು ಸೂಜಿಗಳ ಕಟ್ಟು, ಸೂಜಿಯ ಉದ್ದ 20–30 ಸೆಂ.ಮೀ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಹವೆ ಚೀರ್‌ಗೆ ತೀರಾ ಪರಕೀಯವಲ್ಲ. ಕೆಂಪುಮಣ್ಣಿನ ಇಳಿಜಾರು ಸಿಕ್ಕರೆ ಬೆಳೆಯುತ್ತದೆ. ಊಟಿ ಕಡೆಯ ನೆಡುತೋಪುಗಳಲ್ಲಿ ನೋಡಿ ಮೆಚ್ಚಿದ ಜೋಲು ಸೂಜಿಯ ಪೈನ್ ಬೇರೆ. ಅದು ಮೆಕ್ಸಿಕೊ ಮೂಲದ ಪೈನಸ್ ಪಾಟುಲಾ, ಬೆಟ್ಟದ ತಂಪು ಬೇಡುವ ಮರ. ಪ್ರವಾಸದಿಂದ ಬರುವಾಗ ಅದರ ಸಸಿ ಹಿಡಿದುಕೊಂಡು ಬಂದು ಬಯಲುಸೀಮೆಯಲ್ಲಿ ನೆಡುವುದರಿಂದ ಪ್ರಯೋಜನವಿಲ್ಲ.

ಚೀರ್ ಸೋಲುವುದು ಹೆಚ್ಚಾಗಿ ಬಿಸಿಲಿನಿಂದಲ್ಲ, ಮಣ್ಣಿನಿಂದ. ಪೈನಿನ ಬೇರಿಗೆ ಜೊತೆಗಾರ ಶಿಲೀಂಧ್ರ ಬೇಕು. ಅದು ಬೇರಿನ ತುದಿಗೆ ಕವಚದಂತೆ ಸುತ್ತಿಕೊಂಡು ರಂಜಕವನ್ನು ಎಳೆದುಕೊಡುತ್ತದೆ. ಪೈನ್ ಎಂದೂ ಇರದ ಮಣ್ಣಿನಲ್ಲಿ ಈ ಶಿಲೀಂಧ್ರ ಇರುವುದಿಲ್ಲ. ಪೋರ್ಟೊ ರಿಕೊ ದ್ವೀಪದಲ್ಲಿ ಪೈನ್ ನೆಡುವ ಪ್ರಯತ್ನಗಳು ದಶಕಗಳ ಕಾಲ ಸೋತದ್ದು ಇದರಿಂದಲೇ. 1950ರ ದಶಕದಲ್ಲಿ ಪೈನ್ ಕಾಡಿನ ಮಣ್ಣು ತಂದು ಬೆರೆಸಿದ ಮೇಲೆ ಅದೇ ಸಸಿಗಳು ಎದ್ದವು. ಮನೆಯಲ್ಲಿ ಇದಕ್ಕೆ ದಾರಿ ಹೀಗೆ: ಬೆಳೆದ ಪೈನ್ ಮರದ ಬುಡದಲ್ಲಿ ಒಣ ಸೂಜಿಯ ಪದರ ಸರಿಸಿ, ಅದರ ಕೆಳಗಿನ ಎರಡು–ಮೂರು ಅಂಗುಲದ ಮಣ್ಣು ಒಂದು ಬೊಗಸೆ ತಂದು, ನೆಡುವಾಗ ಬೇರಿಗೆ ತಾಗುವಂತೆ ಹಾಕಿ. ನರ್ಸರಿಯಿಂದ ತಂದ ಚೀರ್ ಸಸಿಯ ಬೇರಿನ ಉಂಡೆಯಲ್ಲಿ ಇದು ಆಗಲೇ ಇರಬಹುದು. ಆದ್ದರಿಂದ ಆ ಮಣ್ಣನ್ನು ತೊಳೆಯಬೇಡಿ, ಶಿಲೀಂಧ್ರನಾಶಕ ಸುರಿಯಲೂಬೇಡಿ. ಶಿಲೀಂಧ್ರ ಸಿಗದ ಸಸಿ ಹಲವು ಸಲ ಕೂಡಲೇ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಹಳದಿ ಮಿಶ್ರಿತ ನೇರಳೆ ಬಣ್ಣಕ್ಕೆ ತಿರುಗಿ ವರ್ಷಗಟ್ಟಲೆ ಗೇಣುದ್ದದಲ್ಲೇ ಕೂರುತ್ತದೆ. ಜನ ಆಗ ಗೊಬ್ಬರ ಸುರಿಯುತ್ತಾರೆ, ಅದರಿಂದ ಇನ್ನಷ್ಟು ಹಾಳು.

ಚೀರ್‌ಗೆ ದಿನವಿಡೀ ಬಿಸಿಲು ಬೇಕು. ಉದ್ದ ತಾಯಿಬೇರು ಇಳಿಸುವ ಮರವಾದ್ದರಿಂದ ಒಂದರಿಂದ ಒಂದೂವರೆ ಅಡಿಯ ಸಸಿಯನ್ನೇ ನೆಡಿ, ನಾಲ್ಕಡಿ ಗಿಡ ತಂದರೆ ಬೇರು ಕವರಿನೊಳಗೆ ಸುರುಳಿ ಸುತ್ತಿರುತ್ತದೆ. ಮೊದಲ ಒಂದೆರಡು ವರ್ಷ ನೀಲಿಹಸಿರು ಬಣ್ಣದ, ಗಿಡ್ಡ ಒಂಟಿ ಎಲೆಗಳೇ ಇರುತ್ತವೆ. ಅದನ್ನು ಕಂಡು ಬೇರೆ ಗಿಡ ಕೊಟ್ಟರೆಂದು ಕಿತ್ತೆಸೆಯಬೇಡಿ, ಎಳೆ ಚೀರ್ ಇರುವುದೇ ಹಾಗೆ. ಆಕಾರ ಚಿಕ್ಕದಾಗಿಡಲು ಹೊಸ ಕುಡಿಗಳು ಮೇಣದಬತ್ತಿಯಂತೆ ನೆಟ್ಟಗೆ ನಿಂತು, ಸೂಜಿ ಇನ್ನೂ ಬಿಚ್ಚದಿದ್ದಾಗ ಬೆರಳಿನಿಂದಲೇ ಅರ್ಧಕ್ಕೆ ಮುರಿಯಬೇಕು. ಕತ್ತರಿ ಹಾಕಿದರೆ ಸೂಜಿಗಳ ತುದಿ ಕತ್ತರಿಸಿ ಕಂದಾಗುತ್ತವೆ. ಒಣ ಸೂಜಿ ಮತ್ತು ರಾಳ ಬೆಂಕಿಗೆ ಸುಲಭದ ತುತ್ತು, ಹಾಗಾಗಿ ಒಲೆ, ನೀರು ಕಾಯಿಸುವ ಹಂಡೆ, ಕಸ ಸುಡುವ ಮೂಲೆಯ ಹತ್ತಿರ ಇದು ಬೇಡ. ಮನೆಯಿಂದ 20–25 ಅಡಿ ದೂರ ಇರಲಿ. ತೋಟದ ಮನೆ, ಎಸ್ಟೇಟ್ ಅಂಗಳ, ಅರ್ಧ ಎಕರೆ ಮೇಲ್ಪಟ್ಟ ಜಾಗ ಇದ್ದವರಿಗಷ್ಟೇ ಚೀರ್ ಎನ್ನುವುದು ನಮ್ಮ ಅಭಿಪ್ರಾಯ.

ತೂಜಾ, ಜುನಿಪರ್: ಸಣ್ಣ ಅಂಗಳದ ನಿಜವಾದ ಆಯ್ಕೆ

ಸೈಟಿನ ಮನೆಯವರು ಕೊನೆಗೆ ಬಂದು ನಿಲ್ಲಬೇಕಾದ್ದು ಇವೆರಡರ ನಡುವೆ. ತೂಜಾದ ಎಲೆಗಳು ಚಪ್ಪಟೆಯಾದ ಬೀಸಣಿಗೆಗಳು, ಅವು ನೆಲಕ್ಕೆ ಲಂಬವಾಗಿ ನಿಂತಿರುತ್ತವೆ. ಮುಟ್ಟಿದರೆ ಮೃದು. ಕಾಯಿ ನೀಲಿಹಸಿರು, ಮೇಲೆ ಪುಟ್ಟ ಕೊಂಬುಗಳು. ಚೀನಾ ಮೂಲದ ಈ ಗಿಡದ ಈಗಿನ ಸಸ್ಯಶಾಸ್ತ್ರೀಯ ಹೆಸರು ಪ್ಲ್ಯಾಟಿಕ್ಲೇಡಸ್ ಓರಿಯೆಂಟಾಲಿಸ್. ಉತ್ತರ ಭಾರತದಿಂದ ಬಂದ ಲಾರಿಯ ಮಾಲಾದರೆ ‘ಮೋರ್‌ಪಂಖಿ’ ಎನ್ನುತ್ತಾರೆ. ಜುನಿಪರ್ ದುಂಡಗಿನ ರೆಂಬೆಗಳದ್ದು, ಒಂದೇ ಗಿಡದಲ್ಲಿ ಚುಚ್ಚುವ ಮುಳ್ಳೆಲೆಯೂ ಮೈಗಂಟಿದ ಹುರುಪೆಯೆಲೆಯೂ ಇರುತ್ತವೆ. ಬಲವಾಗಿ ಸವರಿದಷ್ಟೂ ಮುಳ್ಳೆಲೆಯೇ ಹೆಚ್ಚು ಬರುತ್ತದೆ. ಮಕ್ಕಳು ಓಡಾಡುವ ದಾರಿಯಂಚಿಗೆ ತೂಜಾ, ಯಾರೂ ದಾಟಬಾರದ ಅಂಚಿಗೆ ಜುನಿಪರ್.

ತಾಳಿಕೆಯಲ್ಲಿ ತೂಜಾ ಮುಂದು. ಒಣಹವೆ, ಸುಣ್ಣದ ಅಂಶದ ಮಣ್ಣು, ಬೋರ್‌ವೆಲ್ಲಿನ ಗಡಸು ನೀರು ಮೂರನ್ನೂ ಇದು ಇತರರಿಗಿಂತ ಚೆನ್ನಾಗಿ ತಡೆಯುತ್ತದೆ. ಕಲಬುರಗಿ, ವಿಜಯಪುರದ ಕಡೆ ಕೋನಿಫರ್ ಬೇಕೆಂದರೆ ನಾವು ಮೊದಲು ಹೇಳುವುದು ಇದನ್ನೇ. ಜುನಿಪರ್ ರೂಪದಲ್ಲಿ ಹೆಚ್ಚು ಅಚ್ಚುಕಟ್ಟು, ಕಂಬದಂತೆ ಕಿರಿದಾಗಿ ಏರುತ್ತದೆ, ಬೋನ್ಸಾಯ್‌ಗೂ ಒಗ್ಗುತ್ತದೆ. ಆದರೆ ಬೇರಿನಲ್ಲಿ ನೀರು ನಿಂತರೆ ವಾರಗಳಲ್ಲಿ ಮುಗಿಯಿತು. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಜುನಿಪರ್‌ಗೆ ಬೇಕೇ ಬೇಕು. ತೂಜಾ 4 ಗಂಟೆಯಲ್ಲೂ ಹೇಗೋ ಇರುತ್ತದೆ, ಆದರೆ ನೆರಳಿನ ಕಡೆ ತೆಳ್ಳಗಾಗುತ್ತದೆ.

ಬೇಲಿಗೆ ತೂಜಾ ನೆಡುವಾಗ ಎಲ್ಲರೂ ಮಾಡುವ ತಪ್ಪು ಒಂದೇ, ಒಂದಡಿಗೊಂದು ಒತ್ತಿ ನೆಡುವುದು. ಮೊದಲ ವರ್ಷ ಹಸಿರು ಗೋಡೆ ಕಾಣುತ್ತದೆ. ಮೂರನೆಯ ವರ್ಷಕ್ಕೆ ಗಿಡಗಳು ಪರಸ್ಪರ ತಾಗುವ ಕಡೆ ಬೆಳಕು ಗಾಳಿ ಹೋಗದೆ ಒಳಗೆಲ್ಲ ಕಂದು. ಆ ಕಂದು ಜಾಗ ಮತ್ತೆ ಹಸಿರಾಗುವುದಿಲ್ಲವಾದ್ದರಿಂದ ನಡುವಿನ ಒಂದು ಗಿಡ ಸತ್ತರೆ ತೂತು ಹಾಗೇ ಉಳಿಯುತ್ತದೆ. ಎರಡೂವರೆಯಿಂದ ಮೂರು ಅಡಿ ಅಂತರ ಕೊಡಿ, ಗೋಡೆಯಿಂದ ಎರಡಡಿ. ಒಂಟಿ ಗಿಡಕ್ಕೆ ಸುತ್ತ 4–5 ಅಡಿ. ಸವರುವುದು ಮಳೆಗಾಲದ ಆರಂಭದಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ. ಪ್ರತಿ ಸಲ ಹಸಿರು ತುದಿಯ ಒಂದೆರಡು ಅಂಗುಲ ಮಾತ್ರ. ಬುಡ ಅಗಲ, ತಲೆ ಕಿರಿದು ಇರುವಂತೆ ಸವರಿದರೆ ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ.

ಗೋಲ್ಡನ್ ಸೈಪ್ರಸ್ ಬಗ್ಗೆ ಚಿಕ್ಕದಾಗಿ ಹೇಳಿಬಿಡಬಹುದು. ಮುಟ್ಟಿದರೆ ನಿಂಬೆ ವಾಸನೆ, ನೋಡಲು ಬಹಳ ಚೆಂದ. ಇದರ ಮೂಲ ಕ್ಯಾಲಿಫೋರ್ನಿಯದ ಮಾಂಟೆರೇ ಕರಾವಳಿಯ ತಣ್ಣನೆಯ ಮಂಜು. ಕುಂಡ ಒಂದೇ ಒಂದು ಸಲ ಪೂರ್ತಿ ಒಣಗಿದರೂ ಎಲೆ ಗರಿಗರಿಯಾಗುತ್ತದೆ, ಆಮೇಲೆ ಎಷ್ಟು ನೀರು ಕೊಟ್ಟರೂ ಬರುವುದಿಲ್ಲ. ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಎಸ್ಟೇಟುಗಳಲ್ಲಿ ಪ್ರಯತ್ನಿಸಬಹುದು. ಉಳಿದೆಡೆ ಇದನ್ನು ಸೇವಂತಿಗೆ ಕುಂಡದಂತೆ ಒಂದು ಕಾಲದ ಅಲಂಕಾರವೆಂದೇ ಕೊಳ್ಳಿ.

ಪೈನ್ ಅಲ್ಲದ, ಪೈನಿನ ಕೆಲಸ ಮಾಡುವ ಎರಡು

ಸರ್ವೆ, ಅಂದರೆ ಗಾಳಿಮರ, ದೂರದಿಂದ ಪೈನಿನಂತೆಯೇ ಕಾಣುತ್ತದೆ. ಇದು ಹೂ ಬಿಡುವ ಮರಗಳ ಗುಂಪಿಗೆ ಸೇರಿದ್ದು. ಸೂಜಿಯೆಂದುಕೊಳ್ಳುವುದು ವಾಸ್ತವದಲ್ಲಿ ಗಣ್ಣುಗಣ್ಣಿನ ಹಸಿರು ಕಡ್ಡಿ. ಎಳೆದರೆ ಗಣ್ಣಿನಲ್ಲಿ ಕಳಚುತ್ತದೆ. ಕಾರವಾರದ ಕಡಲಂಚಿನಲ್ಲಿ ಇದರ ನೆಡುತೋಪು 1868ರ ಸುಮಾರಿಗೆ ಶುರುವಾಯಿತು. ಉಪ್ಪುಗಾಳಿ, ಬರೀ ಮರಳು ಎರಡಕ್ಕೂ ಬಗ್ಗುವುದಿಲ್ಲ, ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟಿಕೊಳ್ಳುವುದರಿಂದ ಗೊಬ್ಬರವೂ ಬೇಡ. ಒಂದೂವರೆ ಅಡಿ ಅಂತರದಲ್ಲಿ ನೆಟ್ಟು, ಮೊದಲ ವರ್ಷದಿಂದಲೇ ತಿಂಗಳಿಗೊಮ್ಮೆ ಕತ್ತರಿಸಿದರೆ ಅಗ್ಗದ, ದಟ್ಟ ಬೇಲಿ. ಕತ್ತರಿ ನಿಲ್ಲಿಸಿದ ಎರಡೇ ವರ್ಷದಲ್ಲಿ ಮನೆಗಿಂತ ಎತ್ತರ ಹೋಗುತ್ತದೆ. ಮರವಾಗಿ ಬಿಡುವುದಾದರೆ ಮನೆಯಿಂದ 20 ಅಡಿ ದೂರ, ಏಕೆಂದರೆ ಗಾಳಿಗೆ ಕೊಂಬೆ ಮುರಿಯುತ್ತದೆ, ಉದುರಿದ ಕಡ್ಡಿಗಳು ತಾರಸಿಯ ನೀರಿನ ಕೊಳವೆ ಕಟ್ಟಿಕೊಳ್ಳುವಂತೆ ಮಾಡುತ್ತವೆ.

ಪೊಡೊಕಾರ್ಪಸ್ ಇನ್ನೊಂದು. ಇದು ನಿಜವಾದ ಕೋನಿಫರ್, ಎಲೆ ಮಾತ್ರ ಸೂಜಿಯ ಬದಲು ಉದ್ದ ಪಟ್ಟಿ. ದಕ್ಷಿಣದ ಪಶ್ಚಿಮ ಘಟ್ಟಗಳಲ್ಲಿ ಇದರ ಹತ್ತಿರದ ಬಂಧುವೊಂದಿದೆ, ನಗೇಯಾ ವಾಲಿಚಿಯಾನಾ. ದಕ್ಷಿಣ ಭಾರತದ ಮೂಲನಿವಾಸಿ ಕೋನಿಫರ್ ಅದೊಂದೇ. ನರ್ಸರಿಯಲ್ಲಿ ಸಿಗುವುದು ಪೊಡೊಕಾರ್ಪಸ್ ಮ್ಯಾಕ್ರೋಫಿಲ್ಲಸ್. ಅರೆನೆರಳು ಸಹಿಸುತ್ತದೆ, ಮತ್ತು ಈ ಗುಂಪಿನಲ್ಲಿ ಅಪರೂಪಕ್ಕೆ ಹಳೆ ಕಡ್ಡಿಯಿಂದಲೂ ಚಿಗುರುತ್ತದೆ, ಹಾಗಾಗಿ ಕತ್ತರಿ ಹಿಡಿಯಲು ಕೈ ನಡುಗಬೇಕಿಲ್ಲ. ನಿಧಾನ, ವರ್ಷಕ್ಕೆ ಒಂದಡಿ ಬೆಳೆದರೆ ಹೆಚ್ಚು. ಪೈನಿನ ನೋಟವೇ ಬೇಕೆಂಬ ಹಟ ಇಲ್ಲದವರಿಗೆ, ಎರಡು ಗೋಡೆಗಳ ನಡುವಿನ ಮೂರಡಿ ಓಣಿಗೆ ಇದಕ್ಕಿಂತ ಒಳ್ಳೆಯದು ನಮಗೆ ಕಂಡಿಲ್ಲ.

ಊರು ನೋಡಿ, ಮಣ್ಣು ನೋಡಿ

ಬೆಂಗಳೂರು, ಮೈಸೂರು, ತುಮಕೂರಿನ ಕೆಂಪುಮಣ್ಣಿನಲ್ಲಿ ಮೇಲಿನವುಗಳಲ್ಲಿ ಗೋಲ್ಡನ್ ಸೈಪ್ರಸ್ ಬಿಟ್ಟು ಎಲ್ಲವೂ ಆಗುತ್ತವೆ, ಅಲ್ಲಿ ತೀರ್ಮಾನ ಜಾಗದ್ದು ಮಾತ್ರ. ಕರಾವಳಿಯಲ್ಲಿ ಅರಾಕೇರಿಯಕ್ಕೆ ಸರಿಸಾಟಿಯಿಲ್ಲ, ದ್ವೀಪದ ಮರವಾದ್ದರಿಂದ ಉಪ್ಪುಗಾಳಿ ಅದಕ್ಕೆ ಹೊಸದಲ್ಲ. ಆದರೆ ಮಂಗಳೂರಿನಂಥ ಕಡೆ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ, ಜಂಬಿಟ್ಟಿಗೆ ಮಣ್ಣಿನಲ್ಲಿ ತೋಡಿದ ಗುಂಡಿ ತೊಟ್ಟಿಯಾಗಿ ನೀರು ಹಿಡಿಯುತ್ತದೆ. ಅಲ್ಲಿ ಗುಂಡಿಯ ತಗ್ಗಿನ ಕಡೆಯಿಂದ ಹೊರಕ್ಕೆ ಒಂದು ಕಾಲುವೆ ಸೀಳಲೇಬೇಕು. ಜುನಿಪರ್ ಕರಾವಳಿಯ ಜುಲೈ ತಿಂಗಳನ್ನು ಬಯಲಿನಲ್ಲಿ ದಾಟುವುದಿಲ್ಲ, ಸೂರಿನಡಿ ಕುಂಡದಲ್ಲಿಡಬೇಕು. ಮಲೆನಾಡಿನಲ್ಲೂ ಇದೇ ಎಚ್ಚರಿಕೆ.

ಧಾರವಾಡದಿಂದ ಆಚೆ ಎರೆಮಣ್ಣಿನಲ್ಲಿ ತೊಂದರೆ ಇಮ್ಮಡಿ: ಮಳೆಗಾಲದಲ್ಲಿ ನೀರು ಬಸಿಯದು, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಎಳೆಬೇರು ಹರಿಯುತ್ತದೆ. ಅಲ್ಲಿ ಗುಂಡಿ ತೋಡಿ ಕೆಂಪುಮಣ್ಣು ತುಂಬುವ ಉಪಾಯ ಕೈಕೊಡುತ್ತದೆ, ಸುತ್ತಲಿನ ಎರೆ ಆ ಗುಂಡಿಯನ್ನು ಬಾವಿ ಮಾಡುತ್ತದೆ. ನೆಲದ ಮೇಲೆ ಒಂದೂವರೆ ಅಡಿ ಎತ್ತರ, 5 ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಅಲ್ಲಿಗೆ ತೂಜಾ ಮತ್ತು ಸರ್ವೆ ಸರಿ; ಚೀರ್ ಬೇಡ.

ನರ್ಸರಿಯಲ್ಲಿ ಎರಡು ನಿಮಿಷ

ಗಿಡವನ್ನು ಬುಡ ಹಿಡಿದು ಮೆಲ್ಲಗೆ ಅಲುಗಿಸಿ. ಮಣ್ಣಿನೊಳಗೆ ಸಡಿಲವಾಗಿ ಆಡಿದರೆ ಮೊನ್ನೆಯಷ್ಟೇ ನೆಲದಿಂದ ಕಿತ್ತು ಕವರಿಗೆ ತುಂಬಿದ್ದು, ಬೇಡ. ಕವರಿನ ತೂತುಗಳಿಂದ ದಪ್ಪ ಬೇರು ಹೊರಬಂದು ಸುತ್ತಿದ್ದರೂ ಬೇಡ. ಎಲೆಗೊಂಚಲನ್ನು ಅಂಗೈಯಲ್ಲಿ ಸವರಿ ನೋಡಿ: ಹಸಿರಾಗಿ ಕಂಡರೂ ಗರಿಗರಿಯಾಗಿ ಪುಡಿಯಾದರೆ ಗಿಡ ಆಗಲೇ ಸತ್ತಿದೆ. ಕೋನಿಫರ್‌ಗಳು ಸತ್ತ ಮೇಲೂ ಕೆಲವು ವಾರ ಹಸಿರಾಗಿಯೇ ಇರುತ್ತವೆ, ಕೊಳ್ಳುವವರು ಮೋಸಹೋಗುವುದು ಇಲ್ಲೇ. ಅರಾಕೇರಿಯವಾದರೆ ತಲೆಕುಡಿ ಒಂದೇ ಇರಬೇಕು, ಮುರಿದಿರಬಾರದು. ಎರಡಡಿಯ ಅಗ್ಗದ ಗಿಡಕ್ಕೂ ಐದಡಿಯ ದುಬಾರಿ ಗಿಡಕ್ಕೂ ನಡುವೆ ಅನುಮಾನವಿದ್ದರೆ ಎರಡಡಿಯದ್ದೇ ತನ್ನಿ, ಬೇರು ಬೇಗ ಹಿಡಿಯುತ್ತದೆ.

ನೆಡುವ ಕ್ರಮ

ಬಯಲುಸೀಮೆಯಲ್ಲಿ ಜೂನ್–ಜುಲೈ, ಕರಾವಳಿ ಮಲೆನಾಡಿನಲ್ಲಿ ಜೋರು ಮಳೆ ಮುಗಿದ ಸೆಪ್ಟೆಂಬರ್. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಅಂಚಿನವರೆಗೆ ನೀರು ತುಂಬಿ. ಮರುದಿನ ಅದೇ ಹೊತ್ತಿಗೆ ನೀರು ಪೂರ್ತಿ ಇಳಿದಿರದಿದ್ದರೆ ಆ ಜಾಗದಲ್ಲಿ ದಿಬ್ಬ ಮಾಡಬೇಕು, ಇಲ್ಲವೇ ಜಾಗ ಬದಲಿಸಬೇಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ 200 ಗ್ರಾಂ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲಿಗೆ ಆಹ್ವಾನ ಕೊಟ್ಟಂತೆ. ಚೀರ್‌ಗೆ ಗೊಬ್ಬರದ ಪಾಲು ಅರ್ಧಕ್ಕಿಳಿಸಿ, ಮರಳು ಹೆಚ್ಚಿಸಿ.

ಕವರನ್ನು ಪಕ್ಕದಲ್ಲಿ ಸೀಳಿ ತೆಗೆಯಿರಿ, ಮಣ್ಣಿನ ಉಂಡೆ ಒಡೆಯದಿರಲಿ. ಉಂಡೆಯ ಮೇಲ್ಮೈ ನೆಲದ ಮಟ್ಟಕ್ಕಿಂತ ಒಂದಂಗುಲ ಮೇಲೇ ಇರಲಿ, ಮಣ್ಣು ಇಳಿದ ಮೇಲೆ ಸಮವಾಗುತ್ತದೆ. ಕಾಂಡದ ಬುಡ ಮಣ್ಣಿನಲ್ಲಿ ಹೂತರೆ ತೊಗಟೆ ಕೊಳೆತು ಒಂದೆರಡು ವರ್ಷದ ನಂತರ ಗಿಡ ಹೋಗುತ್ತದೆ, ಕಾರಣವೂ ತಿಳಿಯುವುದಿಲ್ಲ. ಸುತ್ತ ಮೂರಂಗುಲ ದಪ್ಪ ಒಣ ಎಲೆಯ ಹೊದಿಕೆ, ಕಾಂಡದಿಂದ ನಾಲ್ಕಂಗುಲ ಬಿಟ್ಟು.

ಮಳೆ ಇಲ್ಲದ ದಿನಗಳಲ್ಲಿ ಮೊದಲ ಎರಡು ವಾರ ದಿನ ಬಿಟ್ಟು ದಿನ 8–10 ಲೀಟರ್, ನಂತರ ವಾರಕ್ಕೆರಡು ಸಲ. ಮೊದಲ ಎರಡು ಬೇಸಿಗೆ ತಪ್ಪಿಸುವಂತಿಲ್ಲ. ಮೂರನೆಯ ವರ್ಷದಿಂದ ತೂಜಾ, ಸರ್ವೆ, ಚೀರ್‌ಗಳಿಗೆ ಹದಿನೈದು ದಿನಕ್ಕೊಮ್ಮೆ ಆಳವಾಗಿ ಕೊಟ್ಟರೆ ಸಾಕು. ಕುಂಡದ ಗಿಡಕ್ಕೆ ಲೆಕ್ಕ ಬೇಡ: ಬೆರಳು ಎರಡು ಗಣ್ಣು ಇಳಿಸಿ, ಒಣಗಿದ್ದರೆ ಕೆಳಗಿನಿಂದ ನೀರು ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಗೊಬ್ಬರ ಕಡಿಮೆಯೇ ಇರಲಿ; ಕುಂಡಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ರಸಗೊಬ್ಬರ), ನೆಲದ ಗಿಡಕ್ಕೆ ವರ್ಷಕ್ಕೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ.

ಕಂದು ಬಂದಾಗ

ಎಲ್ಲಿಂದ ಶುರುವಾಯಿತು ಎನ್ನುವುದೇ ರೋಗದ ಗುರುತು. ಒಳಗಿನ ಹಳೆಯ ಎಲೆ ಮಾತ್ರ ಕಂದಾಗಿ ತುದಿ ಹಸಿರಾಗಿದ್ದರೆ ಅದು ಸಹಜ ಉದುರುವಿಕೆ. ಒಣಗಿದ್ದನ್ನು ಕೈಯಿಂದ ಉದುರಿಸಿ, ಗಾಳಿಯಾಡಲು ಬಿಡಿ. ತುದಿಗಳಷ್ಟೇ ಎಲ್ಲ ಕಡೆ ಸುಟ್ಟಂತಿದ್ದರೆ ಬೋರ್‌ವೆಲ್ ನೀರಿನ ಉಪ್ಪು ಅಥವಾ ಹೆಚ್ಚಾದ ರಸಗೊಬ್ಬರ. ಕುಂಡದಲ್ಲಿ ಮಳೆನೀರನ್ನು ಮೂರು ಸಲ ತುಂಬಿ ಬಸಿದು ತೊಳೆಯಿರಿ. ಕೆಳಗಿನಿಂದ ಮೇಲಕ್ಕೆ ಹಳದಿಯಾಗುತ್ತ ಬಂದರೆ ಬೇರಿನಲ್ಲಿ ನೀರು ನಿಂತಿದೆ. ಇದನ್ನು ನೀರಿನ ಕೊರತೆಯೆಂದು ತಿಳಿದು ಇನ್ನಷ್ಟು ನೀರು ಹಾಕುವವರೇ ಹೆಚ್ಚು.

ಫೆಬ್ರವರಿಯಿಂದ ಮೇವರೆಗೆ ತೂಜಾ, ಜುನಿಪರ್ ಬೂದಿ ಬಣ್ಣಕ್ಕೆ ತಿರುಗಿ ಮಂಕಾದರೆ ಕೆಂಪು ನುಸಿ. ಬಿಳಿ ಕಾಗದ ಹಿಡಿದು ರೆಂಬೆಯನ್ನು ತಟ್ಟಿ, ಬಿದ್ದ ಚುಕ್ಕೆಗಳು ಹರಿದಾಡಿದರೆ ಅನುಮಾನವಿಲ್ಲ. ವಾರಕ್ಕೆರಡು ಸಲ ಬೆಳಿಗ್ಗೆ ಪೈಪಿನಿಂದ ಎಲೆಯ ಒಳಭಾಗಕ್ಕೆ ರಭಸವಾಗಿ ನೀರು ಹೊಡೆದರೆ ಅರ್ಧ ಮುಗಿಯಿತು. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ದ್ರವ ಸೋಪು, ಸಂಜೆ ಹೊತ್ತಿನಲ್ಲಿ ವಾರದ ಅಂತರದಲ್ಲಿ ಮೂರು ಸಲ. ಬಗ್ಗದಿದ್ದರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, 32 ಡಿಗ್ರಿ ಮೀರಿದ ದಿನವೂ ಬೇಡ. ಎರಡರಲ್ಲೂ ಎಲೆ ಸುಡುತ್ತದೆ.

ಗಿಡ ಬದುಕಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಉಗುರಿನಿಂದ ಕಾಂಡದ ತೊಗಟೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಕಾಯಿರಿ. ಕಂದು, ಒಣಗಿದ್ದರೆ ಬುಡದವರೆಗೆ ಅಲ್ಲಲ್ಲಿ ಕೆರೆದು ನೋಡಿ ಕಿತ್ತುಬಿಡಿ. ಕಿತ್ತ ಮೇಲೆ ಬೇರನ್ನು ಮೂಸಿ: ಕೊಳೆತ ವಾಸನೆ ಬಂದರೆ ಅದೇ ಗುಂಡಿಗೆ ಇನ್ನೊಂದು ಕೋನಿಫರ್ ತರುವ ಮೊದಲು ನೀರು ಹೋಗಲು ದಾರಿ ಮಾಡಬೇಕು, ಆಗದಿದ್ದರೆ ಅಲ್ಲಿ ಬಾಳೆಯನ್ನೋ ಕೆಸುವನ್ನೋ ನೆಡುವುದು ಲೇಸು.